ಮೈಕ್ ಇಲ್ಲದ ಗ್ಯಾದರಿಂಗ್

ಈಚೆಗೆ ಒಂದು ಮದುವೆಗೆಂದು ಬಬಲೇಶ್ವರಕ್ಕೆ ಹೊರಟಿದ್ದೆ. ಟಿಕೋಟಾದಲ್ಲಿ ಬಸ್ಸು ಬದಲಿಸಿ ಒಳದಾರಿ ಹಿಡಿದ ಸ್ವಲ್ಪ ಹೊತ್ತಿಗೇ ಕಿಟಕಿಯಿಂದ ಆ ವಾಸನೆ ಬಂತು. ಬಾಡುತ್ತಿರುವ ದ್ರಾಕ್ಷಿಯ, ಸಿಹಿಗೆ ಹುಳಿ ಬೆರೆತ, ಮೂಗಿಗೆ ಅಂಟಿಕೊಂಡು ಬಿಡದ ವಾಸನೆ. ರಸ್ತೆಯ ಎರಡೂ ಬದಿಗೆ ಒಣದ್ರಾಕ್ಷಿಯ ಶೆಡ್ಡುಗಳು. ಬಲೆಗಳ ಮೇಲೆ ಹರವಿದ ಹಣ್ಣು, ಸುತ್ತ ಇಳಿಬಿಟ್ಟ ಹಸಿರು ಪರದೆ. ಪಕ್ಕದಲ್ಲಿ ಕುಳಿತಿದ್ದ ಹೆಂಗಸು ಸೆರಗಿನಿಂದ ಮೂಗು ಮುಚ್ಚಿಕೊಂಡಳು. ನಾನು ಕಿಟಕಿಯ ಗಾಜನ್ನು ಪೂರ್ತಿ ಸರಿಸಿಬಿಟ್ಟೆ. ಆ ವಾಸನೆಯ ಊರಲ್ಲಿ ನಾನು ಕಳೆದ ಮೊದಲ ವರ್ಷ ಒಮ್ಮೆಲೇ ಕಣ್ಣ ಮುಂದೆ ಬಂದು ನಿಂತಿತು.

ಆ ಜೂನ್‌ನಲ್ಲಿ ನನಗೆ ಅಲ್ಲಿಯ ಸರಕಾರಿ ಪ್ರಾಥಮಿಕ ಶಾಲೆಗೆ ವರ್ಗವಾಗಿತ್ತು. ಮನೆ ವಿಜಯಪುರದ ಜೋರಾಪುರ ಪೇಟೆಯಲ್ಲಿ. ಬೆಳಗ್ಗೆ ಬುತ್ತಿ ಕಟ್ಟಿಕೊಂಡು ಬಸ್ಸು ಹತ್ತಿದರೆ ತೊರವಿ ದಾಟುವಷ್ಟರಲ್ಲಿ ಊರಿನ ಗದ್ದಲ ಹಿಂದೆ ಬಿದ್ದು, ಆಮೇಲೆಲ್ಲ ಕಪ್ಪು ನೆಲ, ದ್ರಾಕ್ಷಿ ತೋಟದ ಕಂಬಗಳ ಸಾಲು. ಶಾಲೆ ಊರ ಅಂಚಿನಲ್ಲಿತ್ತು. ಉದ್ದನೆಯ ಪಡಸಾಲೆ, ಅದರ ಮುಂದೆ ಎರೆಮಣ್ಣಿನ ಬಯಲು, ನಡುವೆ ಒಂದು ಬೇವಿನ ಮರ. ಮಳೆ ಬಂದರೆ ಆ ಬಯಲಿನ ಮಣ್ಣು ಮಕ್ಕಳ ಕಾಲಿಗೆ ಬೂಟಿನ ಹಾಗೆ ಮೆತ್ತಿಕೊಳ್ಳುತ್ತಿತ್ತು.

ಐದನೆಯ ತರಗತಿ ನನ್ನ ಪಾಲಿಗೆ ಬಂತು. ಮೊದಲ ದಿನ ಹಾಜರಿ ಕೂಗುತ್ತ ಬಂದೆ. "ಭಾಗ್ಯಶ್ರೀ" ಎಂದಾಗ ಯಾರೂ ಉತ್ತರ ಕೊಡಲಿಲ್ಲ. ಮತ್ತೊಮ್ಮೆ ಕೂಗಿದೆ. ಕಿವಿಯಲ್ಲಿ ದೊಡ್ಡ ಲೋಲಕ ಹಾಕಿಕೊಂಡ ಹುಡುಗಿಯೊಬ್ಬಳು ಎದ್ದು ನಿಂತಳು. ಅವಳ ಹೆಸರು ಅಮೀನಾ.

"ಟೀಚರ್, ಅಕಿ ಮೂಕಿ ಅದಾಳ್ರಿ. ಹಿಂದ ಕುಂತಾಳ ನೋಡ್ರಿ."

ಕೊನೆಯ ಸಾಲಿನಲ್ಲಿ, ಗೋಡೆಗೆ ಒರಗಿ, ಎರಡು ಜಡೆಯ ಹುಡುಗಿಯೊಬ್ಬಳು ನನ್ನ ಮುಖವನ್ನೇ ನೋಡುತ್ತಿದ್ದಳು. ಎಲ್ಲರೂ ತನ್ನ ಕಡೆ ತಿರುಗಿದ್ದು ಕಂಡು ನಕ್ಕಳು. ನಕ್ಕಾಗ ಎಡಗೆನ್ನೆಯಲ್ಲಿ ಗುಳಿ ಬಿತ್ತು.

ಹುಟ್ಟಿನಿಂದಲೇ ಅವಳಿಗೆ ಕಿವಿ ಕೇಳುತ್ತಿರಲಿಲ್ಲ, ಅದರಿಂದಾಗಿ ಮಾತೂ ಬಂದಿರಲಿಲ್ಲ. ಹಲಗೆಯ ಮೇಲೆ ಬರೆದದ್ದನ್ನು ಅವಳು ಮುತ್ತು ಪೋಣಿಸಿದಂತೆ ನಕಲು ಮಾಡುತ್ತಿದ್ದಳು. ಆದರೆ "ನೀರು" ಎಂದು ಬರೆದ ಅಕ್ಷರಕ್ಕೂ ಕೊಡದಲ್ಲಿರುವ ನೀರಿಗೂ ಸಂಬಂಧವಿದೆ ಎನ್ನುವುದನ್ನು ಅವಳಿಗೆ ಯಾರೂ ತಿಳಿಸಿರಲಿಲ್ಲ. ತಿಳಿಸುವ ಬಗೆ ಯಾರಿಗೂ ಗೊತ್ತಿರಲಿಲ್ಲ. ಮುಖ್ಯೋಪಾಧ್ಯಾಯರಾದ ಬಿರಾದಾರ ಸರ್ ಒಳ್ಳೆಯ ಮನುಷ್ಯರು. ನಾನು ಕೇಳಿದಾಗ ಕನ್ನಡಕ ತೆಗೆದು ಒರೆಸುತ್ತ ಹೇಳಿದರು: "ಸುಮ್ನ ಬರ್ತಾಳ, ಸುಮ್ನ ಹೋಗ್ತಾಳ್ರಿ. ಯಾರಿಗೂ ತ್ರಾಸ ಕೊಡಂಗಿಲ್ಲ. ಮಧ್ಯಾಹ್ನ ಬಿಸಿಯೂಟ ಉಣತಾಳ. ನಾವರ ಇನ್ನೇನ ಮಾಡೂದು ಹೇಳ್ರಿ."

ಇನ್ನೇನು ಮಾಡುವುದು ಎನ್ನುವುದು ನನಗೂ ಗೊತ್ತಿರಲಿಲ್ಲ. ಆದರೆ ಜೋರಾಪುರ ಪೇಟೆಯಲ್ಲಿ ನಮ್ಮ ಮನೆಗೆ ಎದುರಾಗಿ ನಸ್ರೀನ್ ಇದ್ದಳು. ಅವಳಿಗೂ ಕಿವಿ ಕೇಳುತ್ತಿರಲಿಲ್ಲ. ಕಿವುಡ ಮಕ್ಕಳ ಶಾಲೆಯಲ್ಲಿ ಓದಿ, ಡಿಗ್ರಿ ಮುಗಿಸಿ, ನಗರದಲ್ಲಿ ಒಂದು ಕಚೇರಿಯಲ್ಲಿ ಕೆಲಸಕ್ಕಿದ್ದಳು. ಸ್ಕೂಟಿಯ ಮೇಲೆ ಹೋಗುವಾಗ ಅವಳು ನನಗೆ ಕೈ ಬೀಸುವುದು, ನಾನು ತಲೆ ಆಡಿಸುವುದು, ಅಷ್ಟೇ ನಮ್ಮ ಬಳಕೆ. ಆ ವಾರ ಅವರ ಮನೆಗೆ ಹೋಗಿ ಅವಳ ತಾಯಿಯ ಮೂಲಕ ಭಾಗ್ಯಶ್ರೀಯ ವಿಷಯ ಹೇಳಿದೆ. ನಸ್ರೀನ್ ಮಾತು ಮುಗಿಯುವವರೆಗೂ ಕಾಯಲಿಲ್ಲ. ನನ್ನನ್ನು ಎದುರಿಗೆ ಕೂರಿಸಿಕೊಂಡು, ನನ್ನ ಬೆರಳುಗಳನ್ನು ಹಿಡಿದು ಮಡಿಚಿ ಬಿಡಿಸಿ ಕಲಿಸಲು ಶುರುಮಾಡಿಯೇಬಿಟ್ಟಳು. ಅಂದಿನಿಂದ ದಿನಾ ಸಂಜೆ ಅವರ ಮನೆಯಲ್ಲಿ ಚಹಾ, ಸನ್ನೆ ಭಾಷೆಯ ಪಾಠ. ಸಂಜೆ ನಾನು ಕಲಿತದ್ದನ್ನು ಮರುದಿನ ಬೆಳಗ್ಗೆ ಐದನೆಯ ತರಗತಿ ಕಲಿಯುತ್ತಿತ್ತು.

ಮಕ್ಕಳಿಗೆ ಅದೊಂದು ಆಟವೇ ಆಗಿಹೋಯಿತು. ಪಾಠದ ನಡುವೆ ಬಾಯಿ ತೆರೆಯದೆ ಹರಟೆ ಹೊಡೆಯಬಹುದು ಎನ್ನುವುದನ್ನು ನಾನು ಹೇಳಿಕೊಡದೆಯೇ ಕಂಡುಕೊಂಡರು. ಸನ್ನೆ ಭಾಷೆಯಲ್ಲಿ ಪ್ರತಿಯೊಬ್ಬರಿಗೂ ಒಂದು ಗುರುತಿನ ಹೆಸರು ಇರುತ್ತದೆ. ಮಕ್ಕಳೇ ಹಂಚಿಕೊಂಡರು. ಕಿವಿಯ ತುದಿ ಜಗ್ಗಿದರೆ ಅಮೀನಾ. ಮೂಗಿನ ಮೇಲೆ ಕನ್ನಡಕ ಏರಿಸಿದಂತೆ ಮಾಡಿದರೆ ನಾನು. ಕೆನ್ನೆಯ ಗುಳಿಗೆ ಬೆರಳು ಚುಚ್ಚಿದರೆ ಭಾಗ್ಯಶ್ರೀ. ಆ ತಿಂಗಳ ಕೊನೆಗೆ ತರಗತಿಯಲ್ಲಿ "ಮೂಕಿ" ಎನ್ನುವ ಮಾತು ನಿಂತೇಹೋಯಿತು.

ಆದರೆ ಮನೆಯಲ್ಲಿ ನಿಂತಿರಲಿಲ್ಲ. ಭಾಗ್ಯಶ್ರೀಯ ತಂದೆ ತಾಯಿ ಇಬ್ಬರೂ ಹೊತ್ತು ಮೂಡುವ ಮೊದಲೇ ದ್ರಾಕ್ಷಿ ತೋಟಕ್ಕೆ ಹೋಗುವವರು. ಅವಳನ್ನು ಸಾಕಿದವಳು ಅಜ್ಜಿ ಗಂಗವ್ವ. ಎತ್ತರದ ಆಳು, ಹಣೆ ತುಂಬ ಕುಂಕುಮ, ಸೊಂಟದಲ್ಲಿ ಎಲೆಯಡಿಕೆಯ ಚೀಲ. ದಿನಾ ಮೊಮ್ಮಗಳ ಮುಂಗೈ ಹಿಡಿದು ಶಾಲೆಗೆ ತಂದು ಬಿಡುತ್ತಿದ್ದಳು, ಸಂಜೆ ಬಂದು ಹಾಗೆಯೇ ಹಿಡಿದುಕೊಂಡು ಹೋಗುತ್ತಿದ್ದಳು. ಒಂದು ದಿನ ನನ್ನ ಹತ್ತಿರ ಬಂದು ನಿಂತಳು.

"ಅಕ್ಕೋರ, ಈ ವರ್ಷ ಒಂದ ಸಾಲಿಗಿ ಕಳಸ್ತೀನ್ರಿ. ಮುಂದಿನ ವರ್ಷದಿಂದ ನನ್ನ ಸಂಗಾಟ ಶೆಡ್ಡಿಗಿ ಬರ್ತಾಳ. ಒಣದ್ರಾಕ್ಷಿ ಆರಸಾಕ ಮಾತ ಬ್ಯಾಡ, ಕಿವಿ ಬ್ಯಾಡ."

"ಯಾಕಬೇ ಅಜ್ಜಿ, ಎಷ್ಟ ಶಾಣ್ಯಾ ಹುಡುಗಿ ಅದಾಳ..."

"ಶಾಣ್ಯಾ ಅದಾಳ, ನನಗ ಗೊತ್ತಿಲ್ಲೇನ್ರಿ? ಹೋದ ವರ್ಷ ಟ್ರ್ಯಾಕ್ಟರ್ ಹಿಂದಿನಿಂದ ಬಂತು. ಹಾರ್ನ್ ಮ್ಯಾಲ ಹಾರ್ನ್. ಊರಿಗೆಲ್ಲಾ ಕೇಳ್ತು, ಇಕಿಗಿ ಕೇಳಲಿಲ್ಲ. ಒಂದು ಗೇಣದಾಗ ಉಳದಾಳ." ಗಂಗವ್ವ ಮೊಮ್ಮಗಳ ಕಡೆ ತಿರುಗಿ ನೋಡಿದಳು. "ನನ್ನ ಕಣ್ಣ ಮುಂದ ಇದ್ರ ನಾ ನೋಡ್ಕೋತೀನಿ. ದೂರ ಹೋಗಿ ಏನರ ಆದ್ರ, ಒದರಾಕರ ಬರ್ತೈತೇನ್ರಿ ಅದಕ್ಕ?"

ಹಟಮಾರಿ ಮುದುಕಿಯಾಗಿದ್ದರೆ ವಾದಿಸಬಹುದಿತ್ತು. ಹೆದರಿದ ಅಜ್ಜಿಯ ಜೊತೆ ಏನು ವಾದಿಸುವುದು?

ಸೆಪ್ಟೆಂಬರ್‌ನಲ್ಲಿ ಶಿಕ್ಷಕರ ದಿನಾಚರಣೆಗೆ ಯಾರನ್ನಾದರೂ ಅತಿಥಿಯಾಗಿ ಕರೆಯುವ ರೂಢಿ ಶಾಲೆಯಲ್ಲಿತ್ತು. ನಾನು ನಸ್ರೀನಳ ಹೆಸರು ಹೇಳಿದೆ. ಬಿರಾದಾರ ಸರ್ ಕನ್ನಡಕ ಮತ್ತೆ ಕೈಗೆ ತಗೊಂಡರು. "ಅಲ್ರಿ, ಮಾತ ಬರಲಾರದವರನ್ನ ಭಾಷಣಕ್ಕ ಕರಿಯೂದು ಹೆಂಗ್ರಿ?"

"ಸರ್, ಅವರು ಮಾಡ್ತಾರ. ಐದನೇ ಕ್ಲಾಸಿನವರು ಅವರ ಕೈ ನೋಡಿ ಹೇಳ್ತಾರ."

ಹಾಗೆಯೇ ಆಯಿತು. ತಿಳಿನೀಲಿ ಚೂಡಿದಾರ ತೊಟ್ಟು, ಹೆಗಲಿಗೆ ಚೀಲ ಹಾಕಿಕೊಂಡು, ನಸ್ರೀನ್ ಒಬ್ಬಳೇ ಬಸ್ಸು ಹಿಡಿದು, ಟಿಕೋಟಾದಲ್ಲಿ ಇಳಿದು, ಇನ್ನೊಂದು ಬಸ್ಸು ಹತ್ತಿ ಬಂದಳು. ಬೇವಿನ ಮರದ ಕೆಳಗೆ ನಿಂತು ಕೈಗಳಿಂದ ಮಾತಾಡಿದಳು. ಅಮೀನಾ ಪಕ್ಕದಲ್ಲಿ ನಿಂತು ತನಗೆ ತಿಳಿದಷ್ಟನ್ನು ಕೂಗಿ ಹೇಳಿದಳು, ತಿಳಿಯದ ಕಡೆ ನಾನು ಸೇರಿಸಿದೆ. ಆದರೆ ನನಗೆ ನೆನಪಿರುವುದು ಭಾಷಣವಲ್ಲ. ನಸ್ರೀನ್ ಬಂದವಳೇ ಕಿವಿಯ ಕಡೆ ಬೆರಳು ತೋರಿಸಿ ಇಲ್ಲ ಎಂದು ಕೈ ಅಲುಗಿಸಿದಾಗ ಭಾಗ್ಯಶ್ರೀಯ ಮುಖ. ತನ್ನ ಹಾಗೆ ಇನ್ನೊಬ್ಬರು ಈ ಲೋಕದಲ್ಲಿ ಇದ್ದಾರೆ ಎನ್ನುವುದು ಅವಳಿಗೆ ಅದುವರೆಗೆ ಗೊತ್ತಿರಲಿಲ್ಲ. ಅದರಲ್ಲೂ ಇಷ್ಟು ದೊಡ್ಡವಳು, ಕೈಗಡಿಯಾರ ಕಟ್ಟಿಕೊಂಡವಳು, ಒಬ್ಬಳೇ ಬಸ್ಸಿನಲ್ಲಿ ಬಂದವಳು! ಅವಳು ನಸ್ರೀನಳ ಸುತ್ತ ಒಂದು ಸುತ್ತು ಹಾಕಿ ನೋಡಿದಳು. ಆಮೇಲೆ ಅವಳ ಓಢಣಿಯ ತುದಿ ಹಿಡಿದವಳು ಸಂಜೆ ಬಸ್ಸು ಬರುವವರೆಗೂ ಬಿಡಲಿಲ್ಲ.

ಅಲ್ಲಿಂದ ಮುಂದೆ ಅವಳ ಕಲಿಕೆಗೆ ಓಟ ಬಂತು. ಕೈ ತೋರಿಸಿ ಕೇಳುವುದು, ಹಲಗೆಯ ಮೇಲೆ ಬರೆಸುವುದು, ಬರೆದದ್ದನ್ನು ಮುಟ್ಟಿ ವಸ್ತುವನ್ನು ಹುಡುಕಿ ತರುವುದು. ಅಡುಗೆಮನೆಯ ಸೌಟು, ಬಾಗಿಲ ಚಿಲಕ, ಬೇವಿನ ಎಲೆ, ಬಿರಾದಾರ ಸರ್ ಅವರ ಕನ್ನಡಕ ಎಲ್ಲಕ್ಕೂ ಹೆಸರಿನ ಚೀಟಿ ಅಂಟಿತು. ದೀಪಾವಳಿ ರಜೆ ಮುಗಿದು ಬಂದಾಗ ಅವಳು ತಾನೇ ಒಂದು ವಾಕ್ಯ ಬರೆದು ನನ್ನ ಮುಂದೆ ಹಿಡಿದಳು: "ಅಜ್ಜಿ ಕರಜಿಕಾಯಿ ಮಾಡಿದಳು." ಸ್ಟಾಫ್ ರೂಮಿನಲ್ಲಿ ಆ ವಾಕ್ಯವನ್ನು ಒಬ್ಬರ ಕೈಯಿಂದ ಒಬ್ಬರು ಇಸಿದುಕೊಂಡು ಓದಿದರು. ಬಿರಾದಾರ ಸರ್ ಎರಡು ಸಲ ಓದಿ, ಹೊರಗೆ ಬೇವಿನ ಮರದ ಹತ್ತಿರ ಹೋಗಿ ಕನ್ನಡಕ ಒರೆಸಿಕೊಂಡು ಬಂದರು.

ಚಳಿ ಬಿದ್ದ ಮೇಲೆ ಶಾಲಾ ಪ್ರವಾಸ ಬಂತು. ವಿಜಯಪುರಕ್ಕೆ, ಗೋಳಗುಮ್ಮಟಕ್ಕೆ. ದೂರದಿಂದ ಎಷ್ಟೋ ಸಲ ಅದನ್ನು ನೋಡಿದ್ದ ಮಕ್ಕಳಲ್ಲಿ ಒಳಗೆ ಹೋದವರು ಕಡಿಮೆ. ಗಂಗವ್ವ ಶರತ್ತು ಹಾಕಿದಳು: "ನಾನೂ ಬರ್ತೀನಿ. ಇಲ್ಲಂದ್ರ ಅಕಿನೂ ಬರಂಗಿಲ್ಲ." ಬಂದಳು. ಬಸ್ಸಿನಲ್ಲಿ ಮೊಮ್ಮಗಳನ್ನು ಕಿಟಕಿಯ ಕಡೆಗೆ ಕೂರಿಸಿ, ಕೈ ಹೊರಗೆ ಹಾಕದಂತೆ ದಾರಿಯುದ್ದಕ್ಕೂ ಅವಳ ತೋಳು ಹಿಡಿದುಕೊಂಡೇ ಕುಳಿತಿದ್ದಳು. ಆದರೆ ಗುಮ್ಮಟದ ಮೂಲೆಯ ಆ ಕಿರಿದಾದ ಮೆಟ್ಟಿಲುಗಳನ್ನು ನೋಡಿ ಮೊಣಕಾಲು ಹಿಡಿದುಕೊಂಡಳು. "ನಾ ಇಲ್ಲೇ ಹುಲ್ಲಿನ ಮ್ಯಾಲ ಕುಂದ್ರತೀನ್ರಿ. ಹುಡುಗಿ ಕೈ ಬಿಡಬ್ಯಾಡ್ರಿ ಮತ್ತ."

ಮೇಲಿನ ಗ್ಯಾಲರಿಗೆ ಕಾಲಿಟ್ಟ ಕೂಡಲೇ ಮಕ್ಕಳು ಶುರುಮಾಡಿದರು. ಒಬ್ಬೊಬ್ಬರೂ ತಮ್ಮ ತಮ್ಮ ಹೆಸರು ಕೂಗುವುದು, ಅದು ಗೋಡೆಯಿಂದ ಗೋಡೆಗೆ ಹಾರಿ ಮತ್ತೆ ಮತ್ತೆ ಮರಳಿ ಬರುವುದು, ಎಲ್ಲರೂ ಕೇಕೆ ಹಾಕುವುದು, ಆ ಕೇಕೆಯೂ ಮರಳುವುದು. ಭಾಗ್ಯಶ್ರೀ ಮೊದಮೊದಲು ನಗುತ್ತಿದ್ದಳು. ಅವರು ಕೂಗುತ್ತಾರೆ, ಆಮೇಲೆ ಮೇಲೆ ನೋಡುತ್ತಾರೆ, ಆಮೇಲೆ ಕುಣಿಯುತ್ತಾರೆ. ಮೇಲೆ ಏನಿದೆ ಎಂದು ತಾನೂ ನೋಡಿದಳು. ಏನೂ ಇರಲಿಲ್ಲ. ನನ್ನ ಕಡೆ ತಿರುಗಿ, ಏನು ಎಂದು ಕೈಯಲ್ಲಿ ಕೇಳಿದಳು. ಕೂಗಿದ ಮಾತು ಮರಳಿ ಬರುತ್ತದೆ ಎಂದು ಹೇಳಲು ನನಗೆ ತಿಳಿದ ಎಲ್ಲ ಸನ್ನೆಗಳನ್ನೂ ಬಳಸಿದೆ. ಅವಳಿಗೆ ಅರ್ಥವಾಯಿತು. ಅರ್ಥವಾದದ್ದೇ ಕಷ್ಟವಾಯಿತು. ಗೋಡೆಗೆ ಬೆನ್ನು ಹಚ್ಚಿ ಕೆಳಗೆ ಕುಳಿತುಬಿಟ್ಟಳು.

ಅಮೀನಾ ಅದನ್ನು ನೋಡಿದಳು. ಏನು ಹೊಳೆಯಿತೋ, ಗುಂಪಿನಿಂದ ಕಿತ್ತುಕೊಂಡು ಗ್ಯಾಲರಿಯ ಸುತ್ತು ಹಿಡಿದು ಓಡಿದಳು. ಎದುರಿನ ಬದಿಗೆ ಹೋಗಿ ನಿಂತು ಎರಡೂ ಕೈ ಬೀಸಿದಳು. ಭಾಗ್ಯಶ್ರೀ ತಲೆ ಎತ್ತಿದಳು. ಅಷ್ಟು ದೂರದಿಂದ ಅಮೀನಾ ತನ್ನ ಕೆನ್ನೆಗೆ ಬೆರಳು ಚುಚ್ಚಿ ತೋರಿಸಿದಳು. ಆಮೇಲೆ "ನೀ ಮಾಡು" ಎಂದು ಕೈ ಮುಂದೆ ಚಾಚಿದಳು.

ಭಾಗ್ಯಶ್ರೀ ಎದ್ದಳು. ತನ್ನ ಕೆನ್ನೆಗೆ ಬೆರಳು ಚುಚ್ಚಿಕೊಂಡಳು. ಎದುರಿಗೆ ಅಮೀನಾ ಹಾಗೆಯೇ ಮಾಡಿದಳು. ಅಷ್ಟರಲ್ಲಿ ಉಳಿದವರಿಗೆಲ್ಲ ಆಟ ತಿಳಿಯಿತು. ದಡದಡನೆ ಓಡಿ ಅಮೀನಾಳ ಪಕ್ಕದಲ್ಲಿ ಸಾಲಾಗಿ ನಿಂತರು. ಭಾಗ್ಯಶ್ರೀ ಮತ್ತೊಮ್ಮೆ ತನ್ನ ಹೆಸರು ಹೇಳಿದಳು. ಎದುರಿನ ಸಾಲಿನಲ್ಲಿ ಮೊದಲ ಹುಡುಗಿ, ಅವಳ ಪಕ್ಕದವನು, ಅವನ ಪಕ್ಕದವಳು, ಹೀಗೆ ಒಬ್ಬರಾದ ಮೇಲೆ ಒಬ್ಬರು ಕೆನ್ನೆಗೆ ಬೆರಳು ಇಡುತ್ತ ಹೋದರು. ಕೊನೆಯವರೆಗೆ ಹೋಗಿ, ಅಲ್ಲಿಂದ ಮತ್ತೆ ತಿರುಗಿ ಬಂತು. ಅವಳ ಹೆಸರು ಆ ಗುಮ್ಮಟದ ಆಚೆ ಬದಿಯಿಂದ ಅವಳಿಗೆ ಮರಳಿ ಬಂತು.

ಅವಳು ಕುಣಿದ ಕುಣಿತ! ಆಮೇಲೆ ಹೊಟ್ಟೆಯ ಮೇಲೆ ಕೈಯಾಡಿಸಿ "ಹಸಿವು" ಎಂದಳು. ಎದುರಿನ ಸಾಲಿನ ಹೊಟ್ಟೆಗಳೆಲ್ಲ ಹಸಿದವು. ಕನ್ನಡಕ ಏರಿಸಿದಂತೆ ಮಾಡಿದಳು, ಎಲ್ಲರೂ ನಾನಾದರು. ಬೇರೆ ಊರುಗಳಿಂದ ಬಂದ ಪ್ರವಾಸಿಗಳು ಕೂಗುವುದನ್ನು ಬಿಟ್ಟು ನೋಡುತ್ತ ನಿಂತರು. ಗದ್ದಲ ಮಾಡಬೇಡಿ ಎಂದು ಗದರಿಸಲು ಬಂದ ಕಾವಲುಗಾರ, ಗದ್ದಲವೇ ಇಲ್ಲದ್ದನ್ನು ನೋಡಿ, ಕೈ ಕಟ್ಟಿಕೊಂಡು ನಿಂತುಬಿಟ್ಟ.

ಕೆಳಗೆ ಬಂದು ಹುಲ್ಲಿನ ಮೇಲೆ ಬುತ್ತಿ ಬಿಚ್ಚಿದಾಗ ಮಕ್ಕಳೆಲ್ಲ ಒಟ್ಟಿಗೇ ಗಂಗವ್ವನಿಗೆ ಆ ಕಥೆ ಹೇಳಿದರು. ಅವಳು ಸಜ್ಜೆ ರೊಟ್ಟಿ ಮುರಿಯುತ್ತ ಕೇಳಿದಳು. "ಹೌದಾ? ಛಲೋ ಆತು ಬಿಡ್ರಿ" ಎಂದಳು. ಅವಳು ನೋಡಿರಲಿಲ್ಲ. ಮೊಮ್ಮಗಳ ತಟ್ಟೆಗೆ ಶೇಂಗಾ ಚಟ್ನಿ ಹಾಕಿ, ಹೊರಡುವಾಗ ಮುಂಗೈಯನ್ನು ಮತ್ತೆ ಹಿಡಿದುಕೊಂಡಳು.

ಇನ್ನು ಉಳಿದದ್ದು ಗ್ಯಾದರಿಂಗ್. ನಮ್ಮ ಕಡೆ ಶಾಲೆಯ ವಾರ್ಷಿಕೋತ್ಸವಕ್ಕೆ ಯಾರೂ ವಾರ್ಷಿಕೋತ್ಸವ ಎನ್ನುವುದಿಲ್ಲ, ಗ್ಯಾದರಿಂಗ್ ಎಂದೇ ಹೇಳುವುದು. ಊರಿಗೆ ಊರೇ ಬರುತ್ತದೆ. ದ್ರಾಕ್ಷಿ ಕಟಾವು ನಡೆದಿತ್ತು, ಶೆಡ್ಡುಗಳು ತುಂಬಿದ್ದವು, ಆ ವಾಸನೆ ತರಗತಿಯ ಒಳಗೂ ಬರುತ್ತಿತ್ತು. ಮಕ್ಕಳು ಮಧ್ಯಾಹ್ನದ ಮೇಲೆ ಹಾಡು, ಕುಣಿತ, ಲೇಜಿಮ್ ಎಂದು ತಯಾರಿ ನಡೆಸಿದ್ದರು. ಭಾಗ್ಯಶ್ರೀ ಏನು ಮಾಡುವುದು? ಅದನ್ನು ನಾನು ಹುಡುಕಬೇಕಾಗಲಿಲ್ಲ. ಮಾತಿನ ಬದಲು ಜನರ ಮುಖ, ನಡಿಗೆ, ಕೈಕಾಲುಗಳನ್ನೇ ನೋಡುತ್ತ ಬೆಳೆದ ಹುಡುಗಿ ಅವಳು. ಯಾರನ್ನು ಬೇಕಾದರೂ ಇದ್ದಂತೆ ಮಾಡಿ ತೋರಿಸುತ್ತಿದ್ದಳು. ಊಟದ ಹೊತ್ತಿಗೆ ಹುಡುಗಿಯರು ಅವಳ ಸುತ್ತ ಕುಳಿತು ಒಬ್ಬೊಬ್ಬರ ಹೆಸರು ಸನ್ನೆಯಲ್ಲಿ ಹೇಳಿ ಮಾಡಿಸಿ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಅದನ್ನೇ ವೇದಿಕೆಯ ಮೇಲೆ ಮಾಡು ಎಂದೆ.

ಬಿರಾದಾರ ಸರ್ ಹಿಂದೆಮುಂದೆ ನೋಡಿದರು. "ಊರ ಮಂದಿ ಮುಂದ... ನಕ್ರ ಹುಡುಗಿಗಿ ಬ್ಯಾಸರ ಆದೀತ್ರಿ. ಟೈಮ್ ಉಳದ್ರ ಕಡೀಕ ಮಾಡಸೋಣ."

ಎರಡು ಟ್ರ್ಯಾಕ್ಟರ್ ಟ್ರೇಲರ್ ಜೋಡಿಸಿ ವೇದಿಕೆ ಮಾಡಿದ್ದರು. ಬಿಸಿಲು ಇಳಿಯುವ ಹೊತ್ತಿಗೆ ಬಯಲು ತುಂಬಿತು. ತೋಟದಿಂದ ನೇರವಾಗಿ ಬಂದವರು, ಶೆಡ್ಡಿನಿಂದ ಬಂದ ಹೆಂಗಸರು, ಮುಂದಿನ ಸಾಲಿನಲ್ಲಿ ಹಿರಿಯರು. ಗಂಗವ್ವ ಎಡಗಡೆಗೆ, ವೇದಿಕೆಗೆ ಹತ್ತಿರವೇ ಕುಳಿತಿದ್ದಳು. ಏನಾದರೂ ಆದರೆ ಓಡಿಬರಲು ಅನುಕೂಲ ಎಂದು. ಪಂಚಾಯಿತಿ ಅಧ್ಯಕ್ಷರು ಮೈಕ್ ಹಿಡಿದು "ಹಲೋ, ಹಲೋ" ಎಂದು ಅದನ್ನು ಬೆರಳಿನಿಂದ ಬಡಿದು ನಾಲ್ಕು ಮಾತು ಆಡಿದರು. ಸ್ವಾಗತ ಗೀತೆ ಮುಗಿಯಿತು. ಮೊದಲ ಕುಣಿತಕ್ಕೆ ಮಕ್ಕಳು ಸಾಲಾಗಿ ನಿಂತರು, ಹಾಡು ಶುರುವಾಯಿತು, ಕರೆಂಟ್ ಹೋಯಿತು.

ಮೈಕ್ ಸತ್ತಿತು, ಹಾಡು ಸತ್ತಿತು. ಮಕ್ಕಳು ಎತ್ತಿದ ಕೈ ಎತ್ತಿದಂತೆಯೇ ನಿಂತರು. ಜನರೇಟರ್ ತರಲು ಟಿಕೋಟಾಕ್ಕೆ ಆಳು ಓಡಿತು. ಸ್ವಲ್ಪ ಹೊತ್ತು ಕಾದರು. ಸಿಳ್ಳೆ, ಕೂಗು ಎದ್ದಿತು. ಹಿಂದಿನ ಸಾಲಿನವರು ಎದ್ದು ಮೈ ಕೊಡವಿದರು. ಕೂಸುಗಳನ್ನು ಎತ್ತಿಕೊಂಡ ಹೆಂಗಸರು ಹೊರಡತೊಡಗಿದರು. ತಿಂಗಳುಗಟ್ಟಲೆ ಕಲಿತ ಮಕ್ಕಳು ವೇದಿಕೆಯ ಹಿಂದೆ ಅಳುವ ಮುಖ ಮಾಡಿಕೊಂಡು ನಿಂತಿದ್ದರು. ಬಿರಾದಾರ ಸರ್ ಬೆವರು ಒರೆಸಿಕೊಳ್ಳುತ್ತ ನನ್ನ ಹತ್ತಿರ ಬಂದರು.

"ಅಕ್ಕೋರ, ಮೈಕ್ ಬ್ಯಾಡಾದದ್ದು ಒಂದ ಐತಲ್ರಿ ನಮ್ಮ ಹತ್ರ. ಕಳಸ್ರಿ ಅಕಿನ್ನ!"

ಭಾಗ್ಯಶ್ರೀ ವೇದಿಕೆಗೆ ಹತ್ತಿದಳು. ಇಳಿಬಿಸಿಲು ಅವಳ ಮುಖದ ಮೇಲೆ ನೇರವಾಗಿ ಬಿದ್ದಿತ್ತು. ಯಾರೋ ಹಿಂದಿನಿಂದ "ಏ, ಗಂಗವ್ವನ ಮೂಕಿ!" ಎಂದರು. ಅವಳು ನಡುವೆ ನಿಂತು, ಹೊಟ್ಟೆ ಮುಂದೆ ಮಾಡಿ, ಇಲ್ಲದ ಮೈಕನ್ನು ಹಿಡಿದು, ಬೆರಳಿನಿಂದ ಟಕ್ ಟಕ್ ಬಡಿದಳು. ಊದಿದಳು. ಕಿವಿ ಇಟ್ಟು ನೋಡಿದಳು. ಸಿಟ್ಟಿನಿಂದ ಆಚೀಚೆ ನೋಡಿ, ಮೀಸೆ ಸವರಿಕೊಂಡಳು.

ಆಮೇಲೆ ಬಯಲೇ ಸಿಡಿದಂತೆ ನಗು. ಎಲ್ಲರಿಗಿಂತ ಮೊದಲು ಅಧ್ಯಕ್ಷರೇ ಕುರ್ಚಿ ಬಡಿದು ನಕ್ಕರು. ಹೊರಟವರು ನಿಂತರು. ನಿಂತವರು ಕುಳಿತರು. ಭಾಗ್ಯಶ್ರೀ ಬಿರಾದಾರ ಸರ್ ಆಗಿ ಕನ್ನಡಕ ಒರೆಸಿದಳು, ಬಸ್ಸಿನ ಕಂಡಕ್ಟರ್ ಆಗಿ ಜನರನ್ನು ಒಳಗೆ ನೂಕಿದಳು, ಗಿರಣಿಯವನಾಗಿ ಹುಬ್ಬಿಗೆ ಹತ್ತಿದ ಹಿಟ್ಟು ಕೊಡವಿ ಸೀನಿದಳು. ನಾನೂ ಆದಳು: ಕನ್ನಡಕ ಏರಿಸಿ, ಸೆರಗು ಸಿಕ್ಕಿಸಿ, ತಪ್ಪು ಸನ್ನೆ ಮಾಡಿ, ತಲೆ ಕೆರೆದುಕೊಂಡು, ಮತ್ತೆ ಮಾಡಿ. ಪ್ರತಿಯೊಂದಕ್ಕೂ ಜನ ಹೆಸರು ಹಿಡಿದು ಕೂಗಿದರು. ಎಳೆಯರು ಹಿರಿಯರ ಹೆಗಲೇರಿದರು.

ಕೊನೆಗೆ ಅವಳು ಸೊಂಟದಿಂದ ಇಲ್ಲದ ಎಲೆಯಡಿಕೆಯ ಚೀಲ ತೆಗೆದಳು. "ಗಂಗವ್ವ! ಗಂಗವ್ವ!" ಎಂದು ಹೆಂಗಸರ ಕಡೆಯಿಂದ ಕೂಗು. ಎಲೆಗೆ ಸುಣ್ಣ ಹಚ್ಚಿದಳು, ಬಾಯಿಗೆ ಹಾಕಿದಳು, ಯಾರನ್ನೋ ಬೈದಳು. ನಗು ನಿಲ್ಲಲಿಲ್ಲ. ಆಮೇಲೆ ನಡೆಯುತ್ತ ನಡೆಯುತ್ತ ರಸ್ತೆಯ ಅಂಚಿಗೆ ಬಂದಂತೆ ನಿಂತಳು. ಪಕ್ಕದಲ್ಲಿ ಇಲ್ಲದ ಮಗುವಿನ ಮುಂಗೈಯನ್ನು ಬಿಗಿಯಾಗಿ ಹಿಡಿದಳು. ಬಲಕ್ಕೆ ನೋಡಿದಳು. ಎಡಕ್ಕೆ ನೋಡಿದಳು. ಮತ್ತೆ ಬಲಕ್ಕೆ. ದಾಟಿದಳು. ದಾಟಿದ ಮೇಲೆ ಬಗ್ಗಿ, ಆ ಮಗುವಿನ ಮುಖ ಸವರಿ, ತನ್ನ ಕಣ್ಣನ್ನು ಸೆರಗಿನಿಂದ ಒತ್ತಿಕೊಂಡಳು.

ಆಗ ನಗು ನಿಂತಿತು. ನಾನು ಗಂಗವ್ವನ ಕಡೆ ನೋಡಿದೆ. ಅವಳು ಎದ್ದು ನಿಂತಿದ್ದಳು. ಬಾಯಿಗೆ ಸೆರಗು ಅದುಮಿಕೊಂಡಿದ್ದಳು. ಹಿಂದಿನಿಂದ ಯಾರೋ ಚಪ್ಪಾಳೆ ತಟ್ಟಲು ಶುರುಮಾಡಿದರು. ಆಗ ಅಮೀನಾ ವೇದಿಕೆಯ ಪಕ್ಕದಿಂದ ಒದರಿದಳು: "ಅಕಿಗಿ ಚಪ್ಪಾಳಿ ಕೇಳಂಗಿಲ್ರಿ! ಕೈ ಮ್ಯಾಲ ಎತ್ತಿ ಅಳ್ಳಾಡಸ್ರಿ, ಹಿಂಗ!" ಊರಿಗೆ ಊರೇ ಕೈ ಮೇಲೆತ್ತಿ ಅಲುಗಿಸಿತು. ಮಣ್ಣು ಹತ್ತಿದ ಕೈ, ದ್ರಾಕ್ಷಿಯ ಕಲೆ ಹತ್ತಿದ ಕೈ, ಬಳೆಯ ಕೈ. ಭಾಗ್ಯಶ್ರೀ ಆ ತುದಿಯಿಂದ ಈ ತುದಿಗೆ ನೋಡಿದಳು, ನಕ್ಕಳು, ತಾನೂ ಎರಡೂ ಕೈ ಎತ್ತಿದಳು. ಜನರೇಟರ್ ಬಂದು, ಹಾಡು ಕುಣಿತ ಎಲ್ಲ ನಡೆದು, ಮಂದಿ ಮನೆಗೆ ಹೋಗುವಾಗಲೂ ಅವಳ ಹೆಸರನ್ನೇ ಆಡುತ್ತಿದ್ದರು.

ಮುಂದೆ ಭಾಗ್ಯಶ್ರೀ ಶೆಡ್ಡಿಗೆ ಹೋಗಲಿಲ್ಲ. ಏಳನೆಯ ತರಗತಿ ನಮ್ಮಲ್ಲೇ ಮುಗಿಸಿ, ನಸ್ರೀನ್ ಓದಿದಂಥ ಶಾಲೆಗೆ ಸೇರಿದಳು. ಈಗ ರಜೆಗೆ ಬರುವಾಗ ಒಬ್ಬಳೇ ಬಸ್ಸಿನಲ್ಲಿ ಬರುತ್ತಾಳೆ. ಆದರೆ ಇದೆಲ್ಲ ಶುರುವಾದದ್ದು ಆ ಗ್ಯಾದರಿಂಗ್‌ನ ಮರುದಿನ ಬೆಳಗ್ಗೆ.

ನಾನು ಬಸ್ಸಿಳಿದು ಬರುವಾಗ ಟ್ರೇಲರ್‌ಗಳು ಇನ್ನೂ ಬಯಲಿನಲ್ಲೇ ಇದ್ದವು. ಪಡಸಾಲೆಯ ಕಟ್ಟೆಯ ಮೇಲೆ ಗಂಗವ್ವ ಕುಳಿತಿದ್ದಳು. ನನ್ನನ್ನು ಕಂಡು ಎದ್ದಳು.

"ಅಕ್ಕೋರ, ನಿನ್ನಿ ಅಕಿ ಇಷ್ಟೆಲ್ಲಾ ಮಾತಾಡಿದ್ಲಲ್ರಿ. ಹತ್ತು ವರ್ಷ ಮನ್ಯಾಗ ಇಟಗೊಂಡೀನಿ, ಅಕಿ ಹೊಟ್ಯಾಗ ಇಷ್ಟ ಮಾತ ಅದಾವಂತ ನನಗ ಗೊತ್ತಿದ್ದಿಲ್ರಿ." ದನಿ ತಗ್ಗಿಸಿ ಹೇಳಿದಳು: "ಆ ಕೈ ಮಾತು ನನಗೂ ಕಲಸ್ರಿ."

"ನಾ ಯಾಕ ಕಲಸ್ಲಿ ಅಜ್ಜಿ? ನನಗಿಂತ ಛಲೋ ಬರೂಕಿ ಅಲ್ಲಿ ನಿಂತಾಳ ನೋಡು."

ಭಾಗ್ಯಶ್ರೀ ಅಜ್ಜಿಯನ್ನು ಕೈ ಹಿಡಿದು ಒಂದನೆಯ ತರಗತಿಗೆ ಕರೆದುಕೊಂಡು ಹೋದಳು. ಎಳೆಯ ಮಕ್ಕಳ ಗಿಡ್ಡ ಬೆಂಚಿನ ಮೇಲೆ ಎತ್ತರದ ಗಂಗವ್ವ ಮೊಣಕಾಲು ಮಡಚಿ ಕುಳಿತಳು. ಮೊಮ್ಮಗಳು ಎದುರಿಗೆ ನಿಂತು ಹೆಬ್ಬೆರಳನ್ನು ಬಾಯಿಗೆ ಒಯ್ದು "ನೀರು" ಎಂದು ತೋರಿಸಿದಳು. ಗಂಗವ್ವ ಐದೂ ಬೆರಳು ಕೂಡಿಸಿ ಬಾಯಿಗೆ ಒಯ್ದಳು. ಭಾಗ್ಯಶ್ರೀ ತಲೆ ಅಲ್ಲಾಡಿಸಿ, ಹುಬ್ಬು ಗಂಟಿಕ್ಕಿ, ಅಜ್ಜಿಯ ಬೆರಳಿನ ಗಿಣ್ಣಿನ ಮೇಲೆ ಪಟ್ಟನೆ ಒಂದು ಕೊಟ್ಟಳು.

"ನೋಡ್ರಿ ಅಕ್ಕೋರ, ಹೆಂಗ ಬಡೀತಾಳ!" ಗಂಗವ್ವ ಬಾಗಿಲಲ್ಲಿ ನಿಂತ ನನ್ನ ಕಡೆ ತಿರುಗಿ ದೂರು ಹೇಳಿದಳು. ಹೇಳುತ್ತಲೇ ನಕ್ಕಳು. ನಗುತ್ತಲೇ ಕೈಯನ್ನು ಮತ್ತೆ ಮುಂದೆ ಚಾಚಿದಳು.